ಕಷ್ಟಗಳ ಎಣಿಕೆ, ಕಷ್ಟಗಳ ಕೂಟ

ರಾಜರಾಜೇಶ್ವರಿನಗರದ ನಮ್ಮ ಚಿಕಿತ್ಸಾಲಯಕ್ಕೆ ನಿದ್ರಾನಾಶ, ಅಗ್ನಿಮಾಂದ್ಯ, ಎದೆಬಡಿತಗಳೆಂದು ಬರುವ ಅನೇಕರಲ್ಲಿ ನಾಡಿಯ ಜೊತೆಗೆ ಕಳೆದ ಒಂದು ವರ್ಷವನ್ನೂ ಪರೀಕ್ಷಿಸಬೇಕಾಗುತ್ತದೆ. ಹಲಗೇವಡೇರಹಳ್ಳಿ, ಪಟ್ಟಣಗೆರೆಗಳ ಹೊಲಗಳು ಬಡಾವಣೆಗಳಾದ ಈ ಭಾಗದಲ್ಲಿ ಜಮೀನಿನ ಪಾಲಿಗಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರಿದ ಮನೆಗಳಿವೆ. ಮಕ್ಕಳು ಪರದೇಶ ಸೇರಿ ವೃದ್ಧರಿಬ್ಬರೇ ಉಳಿದ ಮನೆಗಳೂ ಇವೆ. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ಚರಕಾಚಾರ್ಯರು ವಿಷಾದಕ್ಕೇ ಅಗ್ರಸ್ಥಾನವನ್ನು ಕೊಟ್ಟಿದ್ದಾರೆ. ಆದರೆ ಆ ವಿಷಾದವನ್ನು ತಂದ ಘಟನೆಗಳನ್ನು ಅಳೆಯುವುದು ಹೇಗೆ?

1967ರಲ್ಲಿ ಅಮೆರಿಕದ ಹೋಮ್ಸ್ ಮತ್ತು ರಾಹೆ ಎಂಬ ವೈದ್ಯರು 43 ಘಟನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಸಂಗಾತಿಯ ಮರಣಕ್ಕೆ 100 ಅಂಕ, ವಿವಾಹಕ್ಕೆ 50. ಕ್ರಿಸ್‌ಮಸ್ ಹಬ್ಬಕ್ಕೂ 12! ಇದು ನಮ್ಮ ಜೀವನಕ್ಕೆ ಪೂರ್ತಿ ಹೊಂದದಾದಾಗ, 1984ರಲ್ಲಿ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು 51 ಘಟನೆಗಳ ಭಾರತೀಯ ಮಾಪಕವನ್ನು ಪ್ರಕಟಿಸಿದರು. ವರದಕ್ಷಿಣೆಯ ಜಗಳ, ಬೆಳೆನಾಶ, ಮಗಳ ಮದುವೆ, ತೀರ್ಥಯಾತ್ರೆಗಳಿಗೂ ಅದರಲ್ಲಿ ಸ್ಥಾನವುಂಟು. ಇಂದಿಗೂ ಬಳಕೆಯಲ್ಲಿರುವ ಉಪಯುಕ್ತ ಮಾಪಕವಿದು.

ಆದರೂ ಅಂಕಗಳನ್ನು ಕೂಡಿದಾಗ ಏನೋ ಕಳೆದುಹೋಗುತ್ತದೆ. ಸಾಲ ಮಾಡಿ ಮನೆ ಕಟ್ಟಿಸಿ ಮಗಳ ಮದುವೆ ಮುಗಿಸಿದ ಗೃಹಸ್ಥನಿಗೂ, ಪತಿಯನ್ನು ಕಳೆದುಕೊಂಡು ಮಗನ ಮನೆಗೆ ಸ್ಥಳಾಂತರಗೊಂಡ ತಾಯಿಗೂ ಮೊತ್ತ ಒಂದೇ ಬರಬಹುದು. ಇಬ್ಬರಿಗೂ ಒಂದೇ ಉಪಚಾರವೆಂದರೆ ಯಾವ ವೈದ್ಯನೂ ಒಪ್ಪಲಾರ.

ಇಲ್ಲಿಯೇ ಲೇಟೆಂಟ್ ಕ್ಲಾಸ್ ಅನಾಲಿಸಿಸ್ ಎಂಬ ಗಣಿತಕ್ರಮ ನೆರವಿಗೆ ಬರುತ್ತದೆ. ಕನ್ನಡದಲ್ಲಿ ಸುಪ್ತವರ್ಗ ವಿಶ್ಲೇಷಣೆ ಎನ್ನೋಣ. 1950ರಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಜಾರ್ಸ್‌ಫೆಲ್ಡ್ ಇದರ ತತ್ತ್ವವನ್ನು ಮಂಡಿಸಿದರು. 1974ರಲ್ಲಿ ಲಿಯೋ ಗುಡ್‌ಮನ್ ಲೆಕ್ಕದ ಸುಗಮ ಮಾರ್ಗವನ್ನು ತೋರಿದರು. ‘ಎಷ್ಟು ಕಷ್ಟಗಳು’ ಎಂಬುದಕ್ಕಿಂತ ‘ಯಾವ ಕಷ್ಟದೊಡನೆ ಯಾವುದು ಬಂದಿತು’ ಎಂಬುದೇ ಇದರ ಪ್ರಶ್ನೆ.

ಅರವತ್ತು ದಾಟಿದ ಮೇಲೆ ಇದನ್ನು ಕಲಿಯಲು ಕುಳಿತ ನಮಗೆ ದಾರಿ ತೋರಿದ್ದು ಪ್ರಕೃತಿಪರೀಕ್ಷೆ. ವಾತಪ್ರಕೃತಿಯನ್ನು ಕಣ್ಣಿನಿಂದ ಕಂಡವರಿಲ್ಲ. ಒಣಚರ್ಮ, ಎಚ್ಚರದ ನಿದ್ರೆ, ಚುರುಕು ನಡಿಗೆಗಳಿಂದ ಅದನ್ನು ಊಹಿಸುತ್ತೇವೆ. ಒಣಚರ್ಮ ನಿದ್ರೆಯನ್ನು ಕೆಡಿಸುವುದಿಲ್ಲ. ಎರಡಕ್ಕೂ ಮೂಲ ಒಂದೇ ಆದುದರಿಂದ ಅವು ಜೊತೆಯಾಗಿ ಕಾಣುತ್ತವೆ. ಸುಪ್ತವರ್ಗದ ಕಲ್ಪನೆಯೂ ಇದೇ. ಸರಿಯಾಗಿ ವಿಂಗಡಿಸಿದ ಮೇಲೆ ವರ್ಗದೊಳಗೆ ಒಂದು ಉತ್ತರವು ಇನ್ನೊಂದರ ಸುಳಿವು ಕೊಡಬಾರದು. ಒಂದು ವ್ಯತ್ಯಾಸವಂತೂ ಇದೆ: ನಮ್ಮ ಪ್ರಕೃತಿಗಳನ್ನು ಶಾಸ್ತ್ರವು ಮೊದಲೇ ಹೇಳಿದೆ, ಇಲ್ಲಿ ವರ್ಗಗಳು ಸಮೀಕ್ಷೆಯ ಉತ್ತರಗಳಿಂದ ಮೂಡಬೇಕು.

ಬಡಾವಣೆಯ ಕೆಲವು ನೂರು ಜನರಿಂದ ಹೌದು, ಇಲ್ಲ ಎಂಬ ಉತ್ತರಗಳನ್ನು ಪಡೆದೆವೆಂದುಕೊಳ್ಳೋಣ. ಗಣಕಯಂತ್ರವು ಎರಡು, ಮೂರು, ನಾಲ್ಕು ವರ್ಗಗಳೆಂದು ಬೇರೆಬೇರೆಯಾಗಿ ಹೊಂದಿಸಿ ನೋಡುತ್ತದೆ. ವರ್ಗಗಳು ಹೆಚ್ಚಿದಷ್ಟೂ ಹೊಂದಿಕೆ ಚೆನ್ನಾಗಿ ಕಾಣುವುದರಿಂದ, ಅನಗತ್ಯ ವಿಸ್ತಾರಕ್ಕೆ ದಂಡ ವಿಧಿಸುವ ಬಿಐಸಿ ಎಂಬ ಅಳತೆಯನ್ನು ನೋಡುವುದು ವಾಡಿಕೆ. ಒಂದು ವರ್ಗದಲ್ಲಿ ಅಗಲಿಕೆ ಮತ್ತು ಕಾಯಿಲೆ, ಇನ್ನೊಂದರಲ್ಲಿ ಸಾಲ ಮತ್ತು ಉದ್ಯೋಗನಷ್ಟ, ಬಹುಜನರ ವರ್ಗದಲ್ಲಿ ಹೆಚ್ಚೇನೂ ಇಲ್ಲ, ಹೀಗೆ ಚಿತ್ರ ಮೂಡಬಹುದು. ವರ್ಗಗಳಿಗೆ ಹೆಸರಿಡುವವರು ಮಾತ್ರ ನಾವೇ. ಯಂತ್ರಕ್ಕೆ ಹೆಸರುಗಳು ತಿಳಿಯವು.

ಪ್ರಶ್ನಾವಳಿಯನ್ನು ರಚಿಸುವವರು ಇನ್ನೊಂದನ್ನು ಗಮನಿಸಬೇಕು. ‘ಆಸ್ತಿಯ ವ್ಯಾಜ್ಯ’ ಮತ್ತು ‘ಸೋದರರೊಡನೆ ಜಗಳ’ ಎಂದು ಎರಡು ಪ್ರಶ್ನೆಗಳಿದ್ದರೆ, ನಮ್ಮ ಕಡೆ ಅವು ಬಹುಪಾಲು ಒಂದೇ ಘಟನೆ. ಆ ಅಂಟನ್ನು ವಿವರಿಸಲೆಂದೇ ಯಂತ್ರವು ಇಲ್ಲದ ವರ್ಗವೊಂದನ್ನು ಸೃಷ್ಟಿಸೀತು. ಊರನ್ನು ಬಲ್ಲವರು ಜೊತೆಗಿಲ್ಲದ ಸಮೀಕ್ಷೆಯಲ್ಲಿ ನಮಗೆ ಅಷ್ಟು ವಿಶ್ವಾಸವಿಲ್ಲ.

ಫಲಿತಾಂಶವು ವ್ಯಕ್ತಿಯ ಮೇಲೆ ಒತ್ತುವ ಮುದ್ರೆಯೂ ಅಲ್ಲ. ಒಬ್ಬರು ಒಂದು ವರ್ಗಕ್ಕೆ ಸೇರುವ ಸಂಭಾವ್ಯತೆ 0.55, ಮತ್ತೊಂದಕ್ಕೆ 0.45 ಎಂದಾದರೆ, ಅವರನ್ನು ಮೊದಲನೆಯ ವರ್ಗದವರೆಂದು ಚೀಟಿ ಬರೆಯುವುದು ಅನ್ಯಾಯ. ದ್ವಂದ್ವಪ್ರಕೃತಿಯ ರೋಗಿಗಳನ್ನು ಕಂಡ ವೈದ್ಯರಿಗೆ ಇದು ಹೊಸದೇನಲ್ಲ. ದಿನಕ್ಕೆ ಮೂವತ್ತು ರೋಗಿಗಳನ್ನು ನೋಡುವ ಚಿಕಿತ್ಸಾಲಯದಲ್ಲಿ ಈ ಲೆಕ್ಕವನ್ನು ಹಾಕಬೇಕಾಗಿಯೂ ಇಲ್ಲ. ಆದರೆ ಪ್ರಶ್ನೆಯನ್ನು ಎರವಲು ಪಡೆಯಬಹುದು. ನಾವು ಈಗ ರೋಗಿಗಳಲ್ಲಿ ಕೇಳುವುದು: ಈ ವರ್ಷ ಏನೇನು ನಡೆಯಿತು, ಯಾವುದರ ಬೆನ್ನಿಗೆ ಯಾವುದು ಬಂದಿತು, ಆಗ ಮನೆಯಲ್ಲಿ ಜೊತೆಗೆ ಯಾರಿದ್ದರು? ಉತ್ತರಿಸುವಾಗ ಬದುಕೇ ಬೇಡವೆಂಬ ಮಾತು ಬಂದರೆ ಕಷಾಯದ ಫಲಕ್ಕಾಗಿ ಕಾಯಬಾರದು. ಒಡನೆಯೇ ಮನೋವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.