ತಾಯಿ ಸಂದರ್ಶಕಳೇ?

2020ರಲ್ಲಿ ಕೊರೊನಾ ಹಬ್ಬಿದಾಗ ನಮ್ಮ ಉಗರಗೋಳದ ಎಲ್ಲಮ್ಮನ ಗುಡಿಯೂ ಕದವಿಕ್ಕಿತು. ಆಗಲೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕೂಸು ಅವಧಿಗೆ ಮುನ್ನ ಹುಟ್ಟಿ ನಗರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಸೇರಿತು, ಹೆತ್ತವಳು ಹೊರಗುಳಿದಳು.

ಸೋಂಕಿಗಂಜಿ ಬಾಗಿಲು ಮುಚ್ಚಿದವರನ್ನು ನಾನು ಹಳಿಯಲಾರೆ. ಆ ಕೂಸನ್ನು ಕಾಯ್ದ ದಾದಿಯೂ ತನ್ನ ಮಗುವನ್ನು ಮುಟ್ಟಲಂಜಿ ವಾರಗಟ್ಟಲೆ ಮನೆಗೆ ಹೋಗಿರಲಿಲ್ಲ. ದಿನಕ್ಕೊಮ್ಮೆ ದೂರವಾಣಿಯಲ್ಲಿ ಅವಳಾಡುತ್ತಿದ್ದ ‘ಹಾಲು ಕುಡಿಯಿತಮ್ಮ’ ಎಂಬ ಮಾತೇ ತಾಯಿಗೆ ಜೀವ. ದಾದಿಯನ್ನು ಸಂತೈಸುವವರಾರು?

ಆದರೂ ತಾಯಿ ಸಂದರ್ಶಕಳಲ್ಲ; ಅವಳೇ ಔಷಧ. 1978ರಲ್ಲಿ ಬೊಗೋಟಾದ ವೈದ್ಯರು, ಪೆಟ್ಟಿಗೆಗಳು ಸಾಲದಾದಾಗ, ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಸೋಂಕಿದ್ದರೂ ಮುಖವಸ್ತ್ರ ಧರಿಸಿ, ಕೈ ತೊಳೆದು, ತಾಯಿ ಕೂಸನ್ನು ಎದೆಗವಚಿಕೊಳ್ಳಲೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿಯೇ ಹೇಳಿತ್ತು.

ಮುಂದೊಮ್ಮೆ ಅಂಥ ಕಾಲ ಬಂದರೆ, ತಾಯಿಯನ್ನು ಒಳಗೆ ಕರೆದುಕೊಂಡೇ ಕದವಿಕ್ಕೋಣ. ದಾದಿಯ ಮನೆಯ ಕೂಸನ್ನೂ ಮರೆಯದಿರೋಣ.