ಎಣ್ಣೆ ಕುಡಿಯುವ ಬದನೆ

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಸಂಜೆಯ ಹೊತ್ತಿಗೆ ಗೋಬಿ ಮಂಚೂರಿ ಗಾಡಿಗಳ ಸುತ್ತ ಜನ ನೆರೆಯುವರು. ಸೋಯಾ ಸಾಸಿನ ಸೀಸೆ ಈಗ ಮನೆಗಳಿಗೂ ಬಂದಿದೆ. ಅದನ್ನು ನೆಚ್ಚಿ ನಾವೂ ಒಮ್ಮೆ ಚೀನೀ ರೀತಿಯ ಬದನೆಯ ಅಡುಗೆಗೆ ಕೈಹಾಕಿದೆವು. ಬಾಣಲೆಗೆ ಸುರಿದ ಎಣ್ಣೆ ನೋಡನೋಡುತ್ತ ಮಾಯವಾಯಿತು; ಮತ್ತೆ ಸುರಿದೆವು, ಅದೂ ಮಾಯ! ಕೊನೆಗೆ ದೊರೆತುದು ಹೊರಗೆ ಎಣ್ಣೆ ಸೋರುವ, ಒಳಗೆ ಬೇಯದ ಹೋಳು. ಅಷ್ಟು ಎಣ್ಣೆ ಹೋದುದೆಲ್ಲಿಗೆ?

ಬದನೆಕಾಯಿಯೊಂದನ್ನು ನೀರಿನಲ್ಲಿ ಹಾಕಿ ನೋಡಿರಿ, ಅದು ತೇಲುವುದು. ತಿರುಳಿನ ಜೀವಕೋಶಗಳ ನಡುವೆ ಗಾಳಿ ತುಂಬಿದ ಅಸಂಖ್ಯಾತ ಸಂದುಗಳಿರುವುದೇ ಇದಕ್ಕೆ ಕಾರಣ. ಕಾಯಿ ಒಂದು ಸ್ಪಂಜಿನಂತೆ. ಬಾಣಲೆಗೆ ಬಿದ್ದೊಡನೆ ಎಣ್ಣೆಯನ್ನು ಹೀರಿಕೊಳ್ಳುವುದು. ಆದುದರಿಂದ ಎಣ್ಣೆ ತಾಗುವ ಮೊದಲೇ ಆ ಸಂದುಗಳನ್ನು ಮುಚ್ಚಬೇಕು. ನಮ್ಮ ಇಡ್ಲಿ ಪಾತ್ರೆಯೇ ಇದಕ್ಕೆ ಸಾಕು. ಬೆರಳುದ್ದದ ಹೋಳುಗಳನ್ನು 8–10 ನಿಮಿಷ ಹಬೆಯಲ್ಲಿಟ್ಟರೆ, ಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಸಡಿಲಗೊಂಡು ತಿರುಳು ಕುಸಿಯುವುದು, ಗಾಳಿ ಹೊರಬೀಳುವುದು. ಉಪ್ಪು ಸವರಿಡುವ ಕ್ರಮವೂ ಉಂಟು. ಅಭಿಸರಣದಿಂದ ನೀರು ಹೊರಬಂದು ಕೋಶಗಳು ಬಾಡುವುವು. ಆದರೆ ಸೋಯಾ ಸಾಸಿನಲ್ಲಿಯೇ ಉಪ್ಪು ಧಾರಾಳವಾಗಿರುವುದರಿಂದ ನಮಗೆ ಹಬೆಯೇ ಮೇಲೆನಿಸಿದೆ.

ಕಾಯಿ ಎಳೆಯದಾಗಿರಬೇಕು. ಬಲಿತಂತೆಲ್ಲ ಬೀಜ ಗಟ್ಟಿಯಾಗಿ ಕಹಿ ಹೆಚ್ಚುವುದು. ಹೊಳಪಿನ ಸಿಪ್ಪೆಯ, ನೀಳವಾದ ಕಾಯಿ ಉತ್ತಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಕೇಶವ್' ಇಂತಹ ನೀಳಕಾಯಿಯ ತಳಿ. ಎಳೆಗಾಯಿಯ ಈ ನಿಯಮ ಹೊಸದೇನಲ್ಲ. ಕ್ರಿ.ಶ. 6ನೆಯ ಶತಮಾನದಲ್ಲಿ ಚೀನದ ಜಿಯಾ ಸಿಷಿಯೆ ಎಂಬಾತನು ರಚಿಸಿದ 'ಚಿಮಿನ್ ಯಾವ್‌ಶು' ಎಂಬ ಕೃಷಿಗ್ರಂಥದಲ್ಲಿಯೂ ಬೀಜ ಬಲಿಯದ ಬದನೆಯನ್ನೇ ಆರಿಸಬೇಕೆಂದಿದೆ. ಅದನ್ನು ಬಿದಿರಿನ ಇಲ್ಲವೆ ಮೂಳೆಯ ಚೂರಿಯಿಂದಲೇ ಸೀಳಬೇಕಂತೆ. ಕಬ್ಬಿಣ ತಾಗಿದರೆ ಕರ್ರಗಾಗುವುದಂತೆ! ಇದು ಬರಿಯ ನಂಬಿಕೆಯಲ್ಲ. ಬದನೆಯಲ್ಲಿರುವ ಫೀನಾಲ್ ಸಂಯುಕ್ತಗಳು ಕಬ್ಬಿಣದೊಡನೆ ಕೂಡಿ ಕಪ್ಪು ಬಣ್ಣ ತಳೆಯುವುವು. ಕಬ್ಬಿಣವಿಲ್ಲದಿದ್ದರೂ ಕೊಯ್ದ ಭಾಗಕ್ಕೆ ಗಾಳಿ ತಾಗಿದರೆ, ಕಾಯಿಯ ಕಿಣ್ವವೊಂದು ಆಮ್ಲಜನಕದ ನೆರವಿನಿಂದ ಅವನ್ನು ಕಂದಿಸುವುದು. ಈಳಿಗೆಮಣೆಯ ಪಕ್ಕದಲ್ಲಿ ನೀರಿನ ಪಾತ್ರೆಯಿಟ್ಟು ಹೋಳುಗಳನ್ನು ಅದರೊಳಕ್ಕೆ ಬೀಳಿಸುತ್ತಿದ್ದ ನಮ್ಮ ಅಜ್ಜಿಯರು ಆ ಗಾಳಿಯನ್ನೇ ತಡೆಯುತ್ತಿದ್ದರು.

ಇನ್ನು ಒಗ್ಗರಣೆ. ಸಿಚುವಾನ್ ಪ್ರಾಂತದ ಪ್ರಸಿದ್ಧ ಬದನೆಯ ಅಡುಗೆಗೆ 'ಮೀನಿನ ಕಂಪಿನದು' ಎಂದು ಹೆಸರು. ಅದರಲ್ಲಿ ಮೀನು ಮಾತ್ರ ಇಲ್ಲ! ಎರಡು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿಗಳನ್ನು ಬಾಡಿಸಿ, ಸೋಯಾ ಸಾಸು, ವಿನೆಗರ್, ಚಿಟಿಕೆ ಸಕ್ಕರೆ ಬೆರೆಸಬೇಕು. ನೀರಿನಲ್ಲಿ ಕದಡಿದ ಜೋಳದ ಪಿಷ್ಟವನ್ನು ಹೊಯ್ದರೆ, ಅದರ ಕಣಗಳು ಕಾವಿಗೆ ಉಬ್ಬಿ ರಸ ಮಂದವಾಗುವುದು. ಬಳಿಕ ಹಬೆಯಾಡಿದ ಹೋಳುಗಳನ್ನು ಸೇರಿಸಿರಿ. ಅವು ಬಹಳ ಮೃದುವಾಗಿರುವುದರಿಂದ ಸೌಟಿನಿಂದ ಕಲಕದೆ ಬಾಣಲೆಯನ್ನೇ ಮೆಲ್ಲನೆ ತೂಗಬೇಕು.