‘ಅವರು’ ‘ಅವನು’ ಆಗುವ ದಿನ

ಓದಲೆಂದೋ ಕೆಲಸಕ್ಕೆಂದೋ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ಗೆ ಹೋದ ನಮ್ಮವರಿಗೆ ಅಲ್ಲಿನ ಪತ್ರಿಕೆಗಳ ಅಪರಾಧ ಸುದ್ದಿ ಮೊದಮೊದಲು ವಿಚಿತ್ರವಾಗಿ ಕಾಣುತ್ತದೆ. ಕೊಲೆಯ ಸುದ್ದಿಯಾದರೂ ಸಿಕ್ಕಿಬಿದ್ದವನ ಪೂರ್ತಿ ಹೆಸರು ಇರುವುದಿಲ್ಲ. ಮೊದಲ ಹೆಸರು, ಅದರ ಮುಂದೆ ಮನೆತನದ ಹೆಸರಿನ ಒಂದೇ ಅಕ್ಷರ, ಒಂದು ಚುಕ್ಕೆ, ಅಷ್ಟೇ. ಕಾನೂನಿನ ಕಟ್ಟಪ್ಪಣೆ ಇದಲ್ಲ, ಪತ್ರಕರ್ತರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ತೀರ್ಪು ಬಂದ ಮೇಲೂ, ಶಿಕ್ಷೆ ಮುಗಿಸಿ ಹೊರಬಂದ ಮೇಲೂ ಮನುಷ್ಯನಿಗೆ ಒಂದು ಬದುಕು ಇರುತ್ತದಲ್ಲ, ಅದಕ್ಕಾಗಿ.

ಆದರೆ ಅಲ್ಲಿನ ಪತ್ರಿಕಾ ಮಂಡಳಿಯ ಮಾರ್ಗಸೂಚಿಯಲ್ಲೇ ವಿನಾಯಿತಿಗಳಿವೆ. ಆ ವ್ಯಕ್ತಿ ಎಲ್ಲರಿಗೂ ಗೊತ್ತಿರುವವನಾದರೆ, ಹೆಸರು ಮರೆಸಿ ಪ್ರಯೋಜನವಿಲ್ಲವೆಂದಾದರೆ, ಪೂರ್ತಿ ಹೆಸರು ಬರೆಯಬಹುದು. ಆಟಗಾರರು ಜಾರಿಬೀಳುವುದು ಈ ಸಂದಿಯಲ್ಲೇ. ಜೆರ್ಸಿಯ ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ಹೆಸರು ಹೊತ್ತು ಓಡಿದವರ ವಿಷಯದಲ್ಲಿ ಒಂದಕ್ಷರ, ಒಂದು ಚುಕ್ಕೆ ಏನನ್ನು ಮುಚ್ಚೀತು? ಗ್ರೋನಿಂಗನ್‌ನ ಯೂರೋಬೋರ್ಗ್ ಕ್ರೀಡಾಂಗಣಕ್ಕೆ ಹೋಗುವ ಹುಡುಗರಿಗೆ ಆಟಗಾರರ ಹೇರ್‌ಕಟ್ ಬದಲಾದದ್ದೂ ಗೊತ್ತಿರುತ್ತದೆ.

ಇನ್ನು ನಮ್ಮ ಭಾಷೆಯಲ್ಲಿ ಏನಾಗುತ್ತದೆ ನೋಡಿ. ಡಚ್ಚರು ಹೆಸರನ್ನು ಕತ್ತರಿಸಿದರೆ ನಾವು ಗೌರವದ ಬಹುವಚನವನ್ನು ಕತ್ತರಿಸುತ್ತೇವೆ. ನಿನ್ನೆ ಕ್ರೀಡಾಪುಟದಲ್ಲಿ ‘ಶತಕ ಬಾರಿಸಿದರು’ ಅನ್ನಿಸಿಕೊಂಡವರು ಇಂದು ಟೀವಿಯಲ್ಲಿ ‘ಸಿಕ್ಕಿಬಿದ್ದ’. ನ್ಯಾಯಾಧೀಶರು ಕಡತ ತೆರೆಯುವ ಮೊದಲೇ ನಮ್ಮ ಕ್ರಿಯಾಪದ ತೀರ್ಪು ಕೊಟ್ಟಾಗಿರುತ್ತದೆ.

ಕ್ವಿನ್ಸಿ ಪ್ರೋಮೆಸ್ ಅವರ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಡಚ್ ಫುಟ್‌ಬಾಲ್ ತಂಡಕ್ಕೆ 50 ಪಂದ್ಯ ಆಡಿದ ಮುಂಚೂಣಿ ಆಟಗಾರ. 2020ರ ಬೇಸಿಗೆಯಲ್ಲಿ ಮನೆಮಂದಿ ಸೇರಿದ್ದ ಒಂದು ಕೂಟದಲ್ಲಿ ಹತ್ತಿರದ ಸಂಬಂಧಿಯ ಮೊಣಕಾಲಿಗೆ ಚಾಕುವಿನಿಂದ ಇರಿದರೆಂಬ ಆರೋಪ ಬಂತು. ಆ ಡಿಸೆಂಬರಿನಲ್ಲಿ ಪೊಲೀಸರು ಹಿಡಿದರು, ಎರಡು ದಿನದಲ್ಲಿ ಬಿಟ್ಟರು. ಪತ್ರಿಕೆಗಳು ಪೂರ್ತಿ ಹೆಸರು ಹಾಕಿದವು. ಅವರ ಕ್ಲಬ್ ಅಯಾಕ್ಸ್ ಮಾತ್ರ ಆಡಿಸುತ್ತಲೇ ಇತ್ತು. 2021ರ ಫೆಬ್ರವರಿಯಲ್ಲಿ ಅವರು ಮಾಸ್ಕೋದ ಸ್ಪಾರ್ಟಕ್‌ಗೆ ಹೋದರು, ಆ ವರ್ಷದ ಯೂರೋ ಕಪ್ ತಂಡದಲ್ಲೂ ಇದ್ದರು. ಚಾಕು ಪ್ರಕರಣದಲ್ಲಿ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯ 18 ತಿಂಗಳ ಜೈಲು ವಿಧಿಸಿದ್ದು 2023ರ ಜೂನ್‌ನಲ್ಲಿ. 1,300 ಕಿಲೋಗೂ ಹೆಚ್ಚು ಕೊಕೇನ್ ಸಾಗಣೆಯ ಇನ್ನೊಂದು ಪ್ರಕರಣದಲ್ಲಿ 6 ವರ್ಷ ವಿಧಿಸಿದ್ದು 2024ರ ಫೆಬ್ರವರಿಯಲ್ಲಿ. ಅವರು ಮೇಲ್ಮನವಿ ಹಾಕಿದರು. ಬಂಧನಕ್ಕೂ ಮೊದಲ ತೀರ್ಪಿಗೂ ನಡುವಿನ ಸುಮಾರು ಎರಡೂವರೆ ವರ್ಷ ಅವರನ್ನು ಏನೆಂದು ಕರೆಯಬೇಕಿತ್ತು? ಕ್ಲಬ್ಬಿಗೆ ಅವರು ಆಟಗಾರ, ಪೊಲೀಸರಿಗೆ ಶಂಕಿತ. ಗ್ಯಾಲರಿಗೆ ಏನೆಂಬುದು ಅಂದಿನ ಗೋಲನ್ನು ಅವಲಂಬಿಸಿತ್ತು.

ಈ ಅವಧಿಯಲ್ಲಿ ಅಲ್ಲಿನ ನ್ಯಾಯಾಲಯದೊಳಗೆ ನಡೆಯುವುದೇನು? ಗ್ರೋನಿಂಗನ್‌ನಲ್ಲಿ ಗಂಭೀರ ಆರೋಪ ಬಂದರೆ ಅದು ಉತ್ತರ ನೆದರ್ಲೆಂಡ್ಸ್ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಅಮೆರಿಕದ ಸಿನಿಮಾಗಳಲ್ಲಿ ಕಾಣುವ ಜ್ಯೂರಿ ಅಲ್ಲಿಲ್ಲ, ದೊಡ್ಡ ಪ್ರಕರಣಗಳಿಗೆ ಮೂವರು ನ್ಯಾಯಾಧೀಶರು ಕೂರುತ್ತಾರೆ. ಪೊಲೀಸ್ ವಶದ ದಿನಗಳು ಮುಗಿದ ಮೇಲೂ ಒಳಗಿಡಬೇಕಾದರೆ ತನಿಖಾ ನ್ಯಾಯಾಧೀಶರು 14 ದಿನ, ಆಮೇಲೆ ನ್ಯಾಯಾಲಯ ಹೆಚ್ಚೆಂದರೆ 90 ದಿನ ಕೊಡುತ್ತದೆ. ಅದು ಮುಗಿಯುವುದರೊಳಗೆ, ತನಿಖೆ ಅರ್ಧಕ್ಕೇ ನಿಂತಿದ್ದರೂ, ಪ್ರಕರಣ ಬಹಿರಂಗ ವಿಚಾರಣೆಗೆ ಬರಲೇಬೇಕು. ಅಲ್ಲಿ ಶಂಕಿತನ ಮುಖವನ್ನು ಕ್ಯಾಮೆರಾ ಹಿಡಿಯುವಂತಿಲ್ಲ. ಪೆನ್ಸಿಲ್ ಹಿಡಿದ ಚಿತ್ರಕಾರ ಮೂಲೆಯಲ್ಲಿ ಕೂತು ಬಿಡಿಸುತ್ತಾನೆ. ವಿಚಾರಣೆ ಮುಗಿದ ಮೇಲೆ ಸಾಮಾನ್ಯವಾಗಿ ಎರಡು ವಾರಕ್ಕೆ ತೀರ್ಪು.

ಅಲ್ಲಿನ ಪ್ರಾಸಿಕ್ಯೂಷನ್ ಪ್ರಕರಣ ಕೈಬಿಡುವಾಗ ಯಾಕೆ ಬಿಟ್ಟೆವೆಂದು ಒಂದು ಸಂಖ್ಯೆಯನ್ನೂ ನಮೂದಿಸುತ್ತದೆ. 01 ಎಂದರೆ ಈ ವ್ಯಕ್ತಿಯನ್ನು ಶಂಕಿಸಿದ್ದೇ ತಪ್ಪು. 02 ಎಂದರೆ ಸಾಕ್ಷ್ಯ ಸಾಲದು. ಎರಡಕ್ಕೂ ಅಜಗಜಾಂತರ. ನಮ್ಮ ಸುದ್ದಿಯಲ್ಲಿ ಎರಡೂ ‘ಬಚಾವ್’.

ಈ ‘ಬಚಾವ್’ ಎಷ್ಟು ದಾರಿ ತಪ್ಪಿಸುತ್ತದೆಂದು ತಿಳಿಯಲು ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನ ಮ್ಯಾಚ್ ಫಿಕ್ಸಿಂಗ್ ಪ್ರಕರಣಕ್ಕೇ ಬರಬೇಕು. 2019ರ ಫೈನಲ್ ಮೈಸೂರಿನಲ್ಲಿ, ಹುಬ್ಬಳ್ಳಿ ಟೈಗರ್ಸ್ ಮತ್ತು ಬಳ್ಳಾರಿ ಟಸ್ಕರ್ಸ್ ನಡುವೆ. ಬಳ್ಳಾರಿ ಸೋತಿತು. ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಳ್ಳಾರಿಯ ನಾಯಕ ಸಿ.ಎಂ. ಗೌತಮ್ ಮತ್ತು ಆಟಗಾರ ಅಬ್ರಾರ್ ಕಾಜಿ ಅವರನ್ನು ಬಂಧಿಸಿದರು. ನಿಧಾನವಾಗಿ ಬ್ಯಾಟ್ ಮಾಡಲು 20 ಲಕ್ಷ ರೂಪಾಯಿ ಎಂಬುದು ಆರೋಪ. ರಣಜಿ ಗೆದ್ದ ಕರ್ನಾಟಕ ತಂಡದ ವಿಕೆಟ್‌ಕೀಪರ್ ಗೌತಮ್. ಬಂಧನದ ದಿನವೇ ಹೆಸರು, ಮೊತ್ತ, ಮಾಡಿದ್ದು ಹೇಗೆಂಬ ವಿವರ ಎಲ್ಲ ಹೊರಬಿತ್ತು. ಕೇಳಿದವರಿಗೆ ಇನ್ನು ತಿಳಿಯುವುದೇನೂ ಉಳಿದಿಲ್ಲ ಅನ್ನಿಸಿತು.

ಎರಡು ವರ್ಷ ಎರಡು ತಿಂಗಳ ಮೇಲೆ, 2022ರ ಜನವರಿ 10ರಂದು, ಹೈಕೋರ್ಟ್‌ನ ನ್ಯಾಯಮೂರ್ತಿ ಶ್ರೀನಿವಾಸ್ ಹರೀಶ್ ಕುಮಾರ್ ಆ ಪ್ರಕರಣವನ್ನು ರದ್ದುಮಾಡಿದರು. ಆದರೆ ‘ಇವರು ಮಾಡಿಲ್ಲ’ ಎಂದು ಹೇಳಿ ರದ್ದುಮಾಡಿದ್ದಲ್ಲ. ಆಗ ಜಾರಿಯಲ್ಲಿದ್ದ ಐಪಿಸಿ 420ರ ವಂಚನೆ ಆಗಬೇಕಾದರೆ ಮೋಸಮಾಡಿ ಇನ್ನೊಬ್ಬರು ಹಣ ಅಥವಾ ಸ್ವತ್ತು ಕೊಡುವಂತೆ ಮಾಡಿರಬೇಕು. ಪ್ರೇಕ್ಷಕ ಟಿಕೆಟ್ ಕೊಂಡದ್ದು ತನ್ನಿಚ್ಛೆಯಿಂದ. ಆದ್ದರಿಂದ ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ, ಅಶಿಸ್ತು ಆಗಬಹುದು, ಶಿಸ್ತುಕ್ರಮಕ್ಕೆ ಬಿಸಿಸಿಐ ಇದೆ; 420 ಮಾತ್ರ ಇಲ್ಲಿ ಕೂರುವುದಿಲ್ಲ ಎಂದಿತು ನ್ಯಾಯಾಲಯ. ಸರಕಾರ ಇದನ್ನು ಸುಪ್ರೀಂ ಕೋರ್ಟ್‌ಗೆ ಒಯ್ದಿತು. ಹಣ ಪಡೆದರೋ ಇಲ್ಲವೋ ಎಂಬ ಪ್ರಶ್ನೆಗೆ ಈ ಆದೇಶದಲ್ಲಿ ಉತ್ತರ ಹುಡುಕುವುದೇ ತಪ್ಪು. ಹುಡುಕಿದವರಲ್ಲಿ ಅರ್ಧ ಮಂದಿ ‘ನಿರಪರಾಧಿ’ ಎಂದರು, ಉಳಿದರ್ಧ ‘ದುಡ್ಡಿದ್ದವರಿಗೆ ಶಿಕ್ಷೆಯಿಲ್ಲ’ ಎಂದರು.

ಕೋರ್ಟಿನ ತಕ್ಕಡಿ ಬೇರೆ, ಆಟದ ಸಂಸ್ಥೆಯ ತಕ್ಕಡಿ ಬೇರೆ. ಜೈಲಿಗೆ ಕಳಿಸಲು ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ಆಟದಿಂದ ಹೊರಗಿಡಲು ಅಷ್ಟು ಬೇಕಿಲ್ಲ. ಕ್ರಿಕೆಟಿಗ ಶ್ರೀಶಾಂತ್ 2013ರ ಮೇನಲ್ಲಿ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಬಂಧನಕ್ಕೊಳಗಾದರು, ಸೆಪ್ಟೆಂಬರಿನಲ್ಲಿ ಬಿಸಿಸಿಐ ಆಜೀವ ನಿಷೇಧ ಹೇರಿತು. 2015ರಲ್ಲಿ ದೆಹಲಿಯ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿತು, ನಿಷೇಧ ಮಾತ್ರ ಕದಲಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸಲು ಹೇಳಿದ ಮೇಲೆ ಅದು ಏಳು ವರ್ಷಕ್ಕೆ ಇಳಿಯಿತು.

ಶಿಕ್ಷೆ ಮುಗಿದ ಮೇಲಿನ ಕತೆಯೇ ಬೇರೆ. ಡಚ್ ಬೀಚ್ ವಾಲಿಬಾಲ್ ಆಟಗಾರ ಸ್ಟೀವನ್ ವಾನ್ ಡೆ ವೆಲ್ಡೆ 12 ವರ್ಷದ ಬಾಲಕಿಯ ಮೇಲಿನ ಅತ್ಯಾಚಾರವನ್ನು ಒಪ್ಪಿಕೊಂಡ. ಇಲ್ಲಿ ಏಕವಚನ ಬಳಸಲು ನನಗೆ ಸಂಕೋಚವಿಲ್ಲ. 2016ರಲ್ಲಿ ಬ್ರಿಟನ್‌ನ ನ್ಯಾಯಾಲಯ 4 ವರ್ಷ ಕೊಟ್ಟಿತು. ನೆದರ್ಲೆಂಡ್ಸ್‌ಗೆ ವರ್ಗವಾದಾಗ ಶಿಕ್ಷೆ ಅಲ್ಲಿನ ಕಾನೂನಿಗೆ ಹೊಂದಿಕೊಂಡಿತು, ಒಟ್ಟು ಸುಮಾರು 13 ತಿಂಗಳಿಗೆ ಬಿಡುಗಡೆಯಾಯಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಆತ ಬಂದಾಗ ಹೆಸರು ಕೂಗಿದ ಕೂಡಲೇ ಪ್ರೇಕ್ಷಕರು ‘ಬೂ’ ಎಂದರು. ಇದನ್ನು ಆರೋಪಿಯ ಮೇಲೆ ಮುಗಿಬೀಳುವುದರ ಜೊತೆ ಸೇರಿಸಬಾರದು. ಅಪರಾಧ ಆಯಿತೇ ಎಂಬ ಪ್ರಶ್ನೆ ಅಲ್ಲಿ ಮುಗಿದಿತ್ತು. ಉಳಿದದ್ದು ದೇಶದ ಜೆರ್ಸಿ ಇವನಿಗೆ ಸಲ್ಲುತ್ತದೆಯೇ ಎಂಬುದು. ಅದನ್ನು ಕೇಳುವ ಹಕ್ಕು ಟಿಕೆಟ್ ಕೊಂಡವನಿಗೂ ಇದೆ.

ಹಾಗಾಗಿ ಇಂಥ ಸುದ್ದಿ ಓದುವಾಗ ಮೊದಲು ನೋಡಬೇಕಾದ್ದು, ಹೇಳುತ್ತಿರುವವರು ಯಾರು ಎಂಬುದು. ‘ತನಿಖೆಯಿಂದ ತಿಳಿದುಬಂದಿದೆ’ ಎಂದಿದ್ದರೆ ಅದು ಪೊಲೀಸರ ಮಾತು, ಎದುರು ಪಕ್ಷದ ವಕೀಲರು ಇನ್ನೂ ಬಾಯಿ ತೆರೆದಿಲ್ಲ. ಎಫ್ಐಆರ್ ಎಂದರೆ ದೂರು ದಾಖಲಾಗಿದೆ ಎಂದಷ್ಟೇ. ಆರೋಪಪಟ್ಟಿ ಪೊಲೀಸರ ವಾದ. ಜಾಮೀನು ಸಿಕ್ಕಿದ್ದು ಗೆಲುವಲ್ಲ, ಸಿಗದಿದ್ದುದು ಸೋಲೂ ಅಲ್ಲ. ದೂರು ಕೊಟ್ಟವರ ಮಾತು ಪರೀಕ್ಷೆಯಾಗುವುದೂ ವಿಚಾರಣೆಯಲ್ಲೇ. ಅದಕ್ಕೆ ಮೊದಲು ಅವರನ್ನು ‘ದುಡ್ಡಿಗಾಗಿ ಬಂದವರು’ ಎನ್ನುವುದೂ ಅಷ್ಟೇ ಅವಸರದ ತೀರ್ಪು, ಮತ್ತು ಆಟಗಾರನ ಅಭಿಮಾನಿಗಳು ಮೊದಲು ಕೊಡುವ ತೀರ್ಪು ಅದೇ. ಅತ್ಯಾಚಾರದ ಪ್ರಕರಣಗಳಲ್ಲಿ ಸಂತ್ರಸ್ತೆಯ ಗುರುತು ಬಯಲುಮಾಡುವುದು ನಮ್ಮಲ್ಲಿ ಅಪರಾಧ. ಆರೋಪಿಯ ಹೆಸರಿಗೆ ಅಂಥ ಬೇಲಿಯಿಲ್ಲ. ಪೊಲೀಸರು ಮಾಧ್ಯಮದ ಮುಂದೆ ಎಷ್ಟು ಹೇಳಬೇಕೆಂಬ ಕೈಪಿಡಿಯನ್ನು ಮೂರು ತಿಂಗಳಲ್ಲಿ ಸಿದ್ಧಪಡಿಸಿ ಎಂದು ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿದ್ದು 2023ರ ಸೆಪ್ಟೆಂಬರಿನಲ್ಲಷ್ಟೇ.

ಗ್ರೋನಿಂಗನ್‌ನಲ್ಲಿರುವವರಿಗೆ ಇದನ್ನೆಲ್ಲ ಕಣ್ಣಾರೆ ನೋಡುವ ಅನುಕೂಲವಿದೆ. ಖ್ಯೂಯೋಪ್ಲೇನ್ ಚೌಕದಲ್ಲಿರುವ ಆ ನ್ಯಾಯಾಲಯದ ವಿಚಾರಣೆಗಳು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ, ಟಿಕೆಟ್ ಬೇಕಿಲ್ಲ. ಡಚ್ ಸ್ವಲ್ಪ ಅರ್ಥವಾದರೆ ಸಾಕು. ಜಾಲತಾಣದಲ್ಲಿ ಹಾಕುವ ತೀರ್ಪುಗಳಲ್ಲಿ ಹೆಸರಿರಬೇಕಾದ ಕಡೆಯೆಲ್ಲ ಚೌಕ ಆವರಣದೊಳಗೆ ‘ಶಂಕಿತ’ ಎಂದಷ್ಟೇ ಇರುತ್ತದೆ, ಜೈಲುಶಿಕ್ಷೆ ಕೊಟ್ಟ ಸಾಲಿನಲ್ಲೂ.